ಕಂಚಿನ ದಾನಶಾಸನ

ಪ್ರತಿಮೆ ಕೆಡವಿದರೆ ಚರಿತ್ರೆ ಅಳಿಸಿಹೋಗುತ್ತದೆ ಅನ್ನುವ ಮಾತು ನಮ್ಮ ಗೆಳೆಯರ ಬಾಯಲ್ಲೂ ಬರುತ್ತಿದೆ. ಓದಿಕೊಂಡವರು, ಒಳ್ಳೆಯವರು. ಅವರ ಜೊತೆ ಜಗಳಕ್ಕೆ ನಿಲ್ಲುವ ಮುಂಚೆ ಒಂದು ಪ್ರತಿಮೆಯನ್ನು ಪದ್ಯ ಓದುವ ಹಾಗೆ ಸಾಲುಸಾಲಾಗಿ ಓದಿ ನೋಡೋಣ ಅನ್ನಿಸಿತು. ವಿಮರ್ಶೆ ಅನ್ನುವುದು ಪುಸ್ತಕಗಳಿಗೇ ಮೀಸಲಾಗಬೇಕಿಲ್ಲವಲ್ಲ.

ಬ್ರಿಸ್ಟಲ್ ಇಂಗ್ಲೆಂಡಿನ ಒಂದು ಬಂದರು ಊರು. ಅಲ್ಲಿನ ನಡುಬೀದಿಯಲ್ಲಿ 1895ರಲ್ಲಿ ಎಡ್ವರ್ಡ್ ಕೋಲ್‌ಸ್ಟನ್ ಎಂಬ ವ್ಯಾಪಾರಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಈತ ಸತ್ತದ್ದು 1721ರಲ್ಲಿ. ಅಂದರೆ ಪ್ರತಿಮೆ ಎದ್ದದ್ದು ಸತ್ತ 174 ವರ್ಷಕ್ಕೆ. ‘ಅವರ ಕಾಲದಲ್ಲಿ ಅದು ತಪ್ಪು ಅಂತ ಯಾರಿಗೂ ಗೊತ್ತಿರಲಿಲ್ಲ’ ಅನ್ನುವವರು ಈ ಲೆಕ್ಕ ಮರೆಯುತ್ತಾರೆ. ಗುಲಾಮರ ವ್ಯಾಪಾರ ಬೇಡ ಅಂತ ಬ್ರಿಟನ್ನಿನ ಪಾರ್ಲಿಮೆಂಟೇ 1807ರಲ್ಲಿ ಕಾಯಿದೆ ಮಾಡಿತ್ತು. ಅಷ್ಟೇ ಏಕೆ, ನಮ್ಮ ಜೋತಿಬಾ ಫುಲೆ 1873ರಲ್ಲೇ ‘ಗುಲಾಮಗಿರಿ’ ಬರೆದು, ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ ಅದನ್ನು ಅರ್ಪಿಸಿದ್ದರು. ಪುಣೆಯ ಮಾಲಿ ಜಾತಿಯ ಮೇಷ್ಟ್ರಿಗೆ ಗೊತ್ತಿದ್ದದ್ದು ಇಪ್ಪತ್ತೆರಡು ವರ್ಷ ಕಳೆದರೂ ಬ್ರಿಸ್ಟಲ್ಲಿನ ದೊಡ್ಡವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೇ ನಿಲ್ಲಿಸಿದರು.

ಈಗ ಪೀಠದ ಬರಹಕ್ಕೆ ಬರೋಣ. ಈತ ಈ ಊರಿನ ಮಹಾ ಗುಣವಂತ, ವಿವೇಕಿ ಮಗ, ಊರ ನಾಗರಿಕರೇ ಈ ಸ್ಮಾರಕ ನಿಲ್ಲಿಸಿದ್ದಾರೆ ಎಂಬ ಅರ್ಥದ ಸಾಲು ಅಲ್ಲಿತ್ತು. ನಿಜ ಏನೆಂದರೆ ಊರಲ್ಲಿ ಎತ್ತಿದ ಚಂದಾ ಸಾಲದೆ ಹೋಗಿತ್ತು. ಪೀಠದ ಪಕ್ಕಗಳಲ್ಲಿ ಕಂಚಿನ ಉಬ್ಬುಚಿತ್ರಗಳು. ಒಂದರಲ್ಲಿ ಕೋಲ್‌ಸ್ಟನ್ ಬಡ ಮಕ್ಕಳಿಗೆ ದಾನ ಕೊಡುತ್ತಿದ್ದಾನೆ. ಒಂದರಲ್ಲಿ ಬಂದರಿನಲ್ಲಿ ನಿಂತಿದ್ದಾನೆ. ಇನ್ನೊಂದರಲ್ಲಿ ಸಮುದ್ರ. ಆ ಸಮುದ್ರದಲ್ಲಿ ಲಂಗರು ಇದೆ, ಮತ್ಸ್ಯಕನ್ಯೆಯರಿದ್ದಾರೆ, ಕಡಲಕುದುರೆಗಳಿವೆ.

ಮನುಷ್ಯರಿಲ್ಲ.

ಕೋಲ್‌ಸ್ಟನ್ ರಾಯಲ್ ಆಫ್ರಿಕನ್ ಕಂಪನಿ ಸೇರಿದ್ದು 1680ರಲ್ಲಿ. 1689ರಲ್ಲಿ ಅದರ ಉಪಗವರ್ನರ್ ಆದ. ಅವನು ಅಲ್ಲಿದ್ದ ಹನ್ನೆರಡು ವರ್ಷಗಳಲ್ಲಿ ಕಂಪನಿ ಸುಮಾರು 84 ಸಾವಿರ ಆಫ್ರಿಕನ್ನರನ್ನು ಹಡಗಿಗೆ ತುಂಬಿತು. ಗಂಡಸರು, ಹೆಂಗಸರು, ಹಸುಳೆಗಳು. ದಾರಿಯಲ್ಲೇ ಸತ್ತವರು ಸುಮಾರು 19 ಸಾವಿರ. ಅವರ ಹೆಣಗಳು ಹೋದದ್ದು ಮತ್ಸ್ಯಕನ್ಯೆಯರ ಆ ಸಮುದ್ರಕ್ಕೇ. ಹಡಗಿಗೆ ತುಂಬಿದವರ ಎದೆಯ ಮೇಲೆ ಕಾದ ಕಬ್ಬಿಣದಿಂದ ಕಂಪನಿಯ ಅಕ್ಷರ ಒತ್ತುತ್ತಿದ್ದರು. ಗೆಳೆಯರೇ, ಆ ಚರಿತ್ರೆ ಮೊದಲು ಬರೆದದ್ದು ಕಂಚಿನ ಮೇಲಲ್ಲ, ಚರ್ಮದ ಮೇಲೆ.

ಅವನು ದಾನ ಕೊಟ್ಟದ್ದು ಸುಳ್ಳಲ್ಲ. ಶಾಲೆಗೆ, ಚರ್ಚಿಗೆ, ಮುದುಕರ ಆಶ್ರಯಕ್ಕೆ ಕೊಟ್ಟ. ಅದಕ್ಕೂ ಷರತ್ತಿತ್ತು: ತನ್ನ ಚರ್ಚಿನ ಕಟ್ಟಳೆ ಒಪ್ಪದವರನ್ನು ಕಂಡರೆ ಅವನಿಗಾಗುತ್ತಿರಲಿಲ್ಲ. ನಮ್ಮ ಹಳ್ಳಿಗಳ ಗುಡಿ ಮುಂದಿನ ದಾನಶಾಸನ ಓದಿದವರಿಗೆ ಈ ವ್ಯವಹಾರ ಹೊಸದೇನಲ್ಲ. ಕೊಟ್ಟವನ ಹೆಸರು, ತಕ್ಕೊಂಡವನ ಗೋತ್ರ, ಗದ್ದೆಯ ಎಲ್ಲೆ ಎಲ್ಲವೂ ಕಲ್ಲಿನಲ್ಲಿ ಇರುತ್ತೆ. ಆ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವನ ಹೆಸರನ್ನು ಎಷ್ಟು ಕಲ್ಲಲ್ಲಿ ಕಂಡಿದ್ದೇವೆ? ಬ್ರಿಸ್ಟಲ್ಲಿನದು ಕಂಚಿನ ದಾನಶಾಸನ, ಅಷ್ಟೇ ವ್ಯತ್ಯಾಸ.

2020ರ ಮೇ 25ರಂದು ಅಮೆರಿಕದಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೊಂದ. ಜೂನ್ 7ರಂದು ಬ್ರಿಸ್ಟಲ್ಲಿನ ಜನ ಹಗ್ಗ ಹಾಕಿ ಕೋಲ್‌ಸ್ಟನ್‌ನನ್ನು ಎಳೆದು ಬೀಳಿಸಿದರು. ಬಿದ್ದ ಕಂಚಿನ ಕುತ್ತಿಗೆಯ ಮೇಲೆ ಒಬ್ಬ ಮೊಣಕಾಲೂರಿದ. ಆಮೇಲೆ ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ನೂಕಿದರು. ಮೊಕದ್ದಮೆ ಎದುರಿಸಿದ ನಾಲ್ವರನ್ನು 2022ರ ಜನವರಿಯಲ್ಲಿ ಜ್ಯೂರಿ ನಿರ್ದೋಷಿಗಳೆಂದಿತು.

ಇದು ಗುಂಪಿನ ದಾಂಧಲೆ, ಕಾನೂನಿನ ದಾರಿ ಇತ್ತಲ್ಲ ಅಂತಾರೆ. ಇತ್ತು, ಅದನ್ನೂ ನೋಡಿಬಿಡೋಣ. 2018ರಲ್ಲಿ ಪ್ರತಿಮೆಗೆ ಇನ್ನೊಂದು ಫಲಕ ಹಾಕಿ ನಿಜ ಬರೆಯೋಣ ಎಂದು ಹೊರಟರು. ಯಾವ ಪದ ಇರಬೇಕು, ಯಾವುದು ಬೇಡ ಎಂಬ ಚೌಕಾಸಿ ಶುರುವಾಯಿತು. ಊರಿನ ಹಳೇ ವರ್ತಕರ ಸಂಘವೂ ನಡುವೆ ಬಂತು. ಮಾತು ತೆಳ್ಳಗಾಗುತ್ತಾ ಹೋಗಿ, 2019ರಲ್ಲಿ ಮೇಯರರೇ ಅದು ಬೇಡವೆಂದರು. ಫಲಕ ಏರಲೇ ಇಲ್ಲ. ಒಂದು ವಾಕ್ಯ ಬರೆಯಲಾಗದ ಊರು ಜನಕ್ಕೆ ತಾಳ್ಮೆ ಹೇಳಿತು.

ನೀರಿನಿಂದ ಎತ್ತಿದ ಪ್ರತಿಮೆಯನ್ನು ಮುಂದೆ ಏನು ಮಾಡೋಣ ಎಂದು ಊರು ಜನರನ್ನೇ ಕೇಳಿತು. ಸುಮಾರು 14 ಸಾವಿರ ಮಂದಿ ಉತ್ತರ ಬರೆದರು. ಮ್ಯೂಸಿಯಮ್ಮಿನಲ್ಲಿರಲಿ ಎಂದವರೇ ಬಹಳ. ಈಗ ಅದನ್ನು ನಿಲ್ಲಿಸಿಲ್ಲ, ಮಲಗಿಸಿದ್ದಾರೆ. ಮೈಮೇಲೆ ಎರಚಿದ ಬಣ್ಣವನ್ನೂ ಒರೆಸಿಲ್ಲ. ಇದು ಸರಿಯಾದ ಕೆಲಸ ಎಂದು ನಾವು ತಿಳಿಯುತ್ತೇವೆ. ಬಿದ್ದದ್ದೂ ಚರಿತ್ರೆಯೇ, ಬೀಳಿಸಿದ್ದೂ ಚರಿತ್ರೆಯೇ.

ಆದರೆ ಅಷ್ಟಕ್ಕೇ ಕೈ ತೊಳೆದುಕೊಂಡರೆ ನಮ್ಮ ತಕರಾರಿದೆ. ಗುಲಾಮಗಿರಿ ನಿಲ್ಲಿಸುವ 1833ರ ಕಾಯಿದೆಯಲ್ಲಿ ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಯಜಮಾನರಿಗೆ. ಗುಲಾಮರಿಗೆ ಒಂದು ಕಾಸೂ ಇಲ್ಲ. ಅದಕ್ಕಾಗಿ ಮಾಡಿದ ಸಾಲ ಪೂರಾ ತೀರಿದ್ದು 2015ರಲ್ಲಿ; ಗುಲಾಮರ ಮರಿಮಕ್ಕಳು ಕಟ್ಟಿದ ತೆರಿಗೆಯೂ ಅದಕ್ಕೆ ಸೇರಿತ್ತು. ಇದೇ ಬ್ರಿಸ್ಟಲ್ಲಿನಲ್ಲಿ 1963ರವರೆಗೂ ಬಸ್ ಕಂಪನಿ ಕರಿಯರನ್ನು, ಏಷ್ಯಾದವರನ್ನು ಕಂಡಕ್ಟರ್ ಕೆಲಸಕ್ಕೆ ಸೇರಿಸುತ್ತಿರಲಿಲ್ಲ. ಜನ ತಿಂಗಳುಗಟ್ಟಲೆ ಬಸ್ ಬಹಿಷ್ಕರಿಸಿದ ಮೇಲೆ ಮೊದಲು ಕೆಲಸ ಸಿಕ್ಕಿದ್ದು ರಘ್‌ಬೀರ್ ಸಿಂಗ್ ಎಂಬ ಸಿಖ್ಖನಿಗೆ. ಅವತ್ತೂ ಕೋಲ್‌ಸ್ಟನ್ ನಡುಬೀದಿಯಲ್ಲಿ ನಿಂತೇ ಇದ್ದ. ಪ್ರತಿಮೆಯ ವಿಚಾರಣೆ ಮಾಡುವ ಊರು ಈ ಖಾತೆಪುಸ್ತಕವನ್ನೂ ತೆಗೆಯಬೇಕು: ಯಾವ ಶಾಲೆ, ಯಾವ ಕಟ್ಟಡ, ಯಾವ ಮನೆತನದ ಆಸ್ತಿ ಎಲ್ಲಿಂದ ಬಂತು, ಇವತ್ತು ಅಲ್ಲಿ ಒಳಗಿರುವವರು ಯಾರು, ಬಾಗಿಲಾಚೆ ಇರುವವರು ಯಾರು.

ಪ್ರತಿಮೆ ನೀರಿಗೆ ಬಿದ್ದ ಜಾಗದ ಹತ್ತಿರ ಒಂದು ಕಾಲುಸೇತುವೆ ಇದೆ. 1999ರಲ್ಲಿ ತೆರೆದದ್ದು, ಹೆಸರು ಪೆರೊ ಸೇತುವೆ. ಪೆರೊ ಗುಲಾಮ. ಸಕ್ಕರೆ ತೋಟದ ಯಜಮಾನ ಜಾನ್ ಪಿನ್ನಿ ಅವನನ್ನು ಕೆರಿಬಿಯನ್ನಿನ ನೆವಿಸ್ ದ್ವೀಪದಿಂದ ಬ್ರಿಸ್ಟಲ್ಲಿಗೆ ಕರೆತಂದಿದ್ದ. ಪಿನ್ನಿಯ ಮನೆ ಈಗ ಮ್ಯೂಸಿಯಂ. ಆ ಕಾಲದ ಶ್ರೀಮಂತರ ಊಟದ ಮನೆ, ಮಂಚ, ಕುರ್ಚಿ, ಪಿಂಗಾಣಿ ನೋಡಲು ಜನ ಹೋಗುತ್ತಾರೆ. ಪೆರೊ ಎಲ್ಲಿ ಮಲಗುತ್ತಿದ್ದ ಅಂತ ಕೇಳಿಕೊಂಡು ಹೋಗುವವರು ಎಷ್ಟು ಜನ?