‘ನೈಟ್‌ಬರ್ಡ್ಸ್’: ಒಂದು ಹಾಡಿನ ಮರೆಯಲ್ಲಿ ಉಳಿದ ಕೃತಿ

ಕೃತಿಯೊಂದರ ಒಂದು ಭಾಗಕ್ಕೆ ದೊರೆತ ಪ್ರಸಿದ್ಧಿಯೇ ಅದರ ಉಳಿದ ಭಾಗಗಳಿಗೆ ಮುಸುಕಾಗುವುದುಂಟು. ಅಮೆರಿಕದ ‘ಲಬೆಲ್’ ಎಂಬ ಮೂವರು ಗಾಯಕಿಯರ ಮೇಳವು 1974ರಲ್ಲಿ ಹೊರತಂದ ‘ನೈಟ್‌ಬರ್ಡ್ಸ್’ ಧ್ವನಿಮುದ್ರಿಕೆಗೆ ಒದಗಿದ ಗತಿ ಇದೇ. ಅದರ ಮೊದಲ ಹಾಡು ‘ಲೇಡಿ ಮಾರ್ಮಲೇಡ್’ 1975ರ ಮಾರ್ಚ್ ತಿಂಗಳಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿತು. 2001ರಲ್ಲಿ ‘ಮುಲಾಂ ರೂಜ್’ ಚಲಚ್ಚಿತ್ರಕ್ಕಾಗಿ ಬೇರೆ ಗಾಯಕಿಯರು ಹಾಡಿದಾಗ ಮತ್ತೊಮ್ಮೆ ಅದೇ ಸ್ಥಾನವನ್ನು ಪಡೆಯಿತು. ಆ ಒಂದು ಹಾಡನ್ನು ಬಲ್ಲವರೆಲ್ಲರೂ ಮುದ್ರಿಕೆಯ ಉಳಿದ ಒಂಬತ್ತನ್ನು ಬಲ್ಲರೆಂದು ಹೇಳಲಾಗದು. ಹತ್ತನ್ನೂ ಒಂದು ಕೃತಿಯೆಂದು ಬಗೆದು ಕೇಳಿದಾಗ ಮಾತ್ರ ಮೇಳದ ನಿಜವಾದ ಸಾಧನೆ ಗೋಚರವಾಗುತ್ತದೆ.

ಆಫ್ರಿಕನ್ ಅಮೆರಿಕನ್ ಜನರ ಚರ್ಚುಗಳಲ್ಲಿ ಬೆಳೆದ ಗಾಸ್ಪೆಲ್ ಗಾಯನವು ಲೌಕಿಕ ವಸ್ತುವನ್ನು ಕೈಗೊಂಡಾಗ ಮೂಡಿದ ಪ್ರಕಾರವೇ ‘ಸೋಲ್’ ಸಂಗೀತ. ಆ ಶಬ್ದಕ್ಕೆ ಆತ್ಮವೆಂದರ್ಥ. ಒಬ್ಬರು ಕರೆದುದಕ್ಕೆ ಹಲವರು ಓಗೊಡುವ ಕ್ರಮ ಅದರ ಜೀವಾಳ. ಆದರೆ 1960ರ ದಶಕದ ಗಾಯಕಿಯರ ಮೇಳಗಳಲ್ಲಿ ಈ ಕ್ರಮ ಬಹುಮಟ್ಟಿಗೆ ಒಂದು ಕಟ್ಟಳೆಯಾಗಿ ಗಟ್ಟಿಯಾಯಿತು. ಒಬ್ಬಾಕೆ ಮುಂದೆ, ಉಳಿದವರು ಹಿಮ್ಮೇಳ. ಹಾಡು ಬರೆಯುವವರು ಬಹುಶಃ ಹೊರಗಿನವರು, ಅವರಲ್ಲಿಯೂ ಹೆಚ್ಚಿನವರು ಪುರುಷರು.

ಈ ಮೇಳವೂ ಆ ಕಟ್ಟಳೆಯೊಳಗೇ ಹುಟ್ಟಿತು. ‘ಪ್ಯಾಟಿ ಲಬೆಲ್ ಅಂಡ್ ದಿ ಬ್ಲೂಬೆಲ್ಸ್’ ಎಂಬ ಮೊದಲಿನ ಹೆಸರಿನಲ್ಲಿಯೇ ಮುಂದಿನವರು ಯಾರು, ಹಿಂದಿನವರು ಯಾರು ಎಂಬ ವಿಂಗಡಣೆಯಿದೆ. ನಾಲ್ವರಲ್ಲಿ ಒಬ್ಬರಾದ ಸಿಂಡಿ ಬರ್ಡ್‌ಸಾಂಗ್ 1967ರಲ್ಲಿ ‘ಸುಪ್ರೀಮ್ಸ್’ ಮೇಳವನ್ನು ಸೇರಿದ ಬಳಿಕ ಪ್ಯಾಟಿ ಲಬೆಲ್, ನೋನಾ ಹೆಂಡ್ರಿಕ್ಸ್, ಸಾರಾ ಡ್ಯಾಶ್ ಮೂವರು ಉಳಿದರು. ವಿಕಿ ವಿಕಮ್ ಎಂಬ ಇಂಗ್ಲಿಷ್ ಮಹಿಳೆ ಮೇಳದ ವ್ಯವಸ್ಥೆಯನ್ನು ವಹಿಸಿಕೊಂಡ ಮೇಲೆ ಹೆಸರು ‘ಲಬೆಲ್’ ಎಂದಷ್ಟೇ ಆಯಿತು. ಹೆಸರು ಇನ್ನೂ ಒಬ್ಬರದೇ ಎಂಬ ವಿರೋಧಾಭಾಸವಿದ್ದರೂ ಹಿಮ್ಮೇಳವೆಂಬ ಪಂಕ್ತಿಭೇದ ಅದರಿಂದ ಅಳಿಸಿಹೋಯಿತು. ‘ನೈಟ್‌ಬರ್ಡ್ಸ್’ನ ಹತ್ತು ಹಾಡುಗಳಲ್ಲಿ ಐದು ನೋನಾ ಹೆಂಡ್ರಿಕ್ಸ್ ಅವರ ರಚನೆಗಳೆಂಬುದು ಇನ್ನೂ ದೊಡ್ಡ ಮಾತು. ಹಿಂದೆ ನಿಂತು ಹಾಡುತ್ತಿದ್ದವರೇ ಕವಿಯಾದರು.

ಮುದ್ರಣ ನಡೆದದ್ದು ನ್ಯೂ ಆರ್ಲಿಯನ್ಸ್ ನಗರದಲ್ಲಿ, ಅಲ್ಲಿನ ಸಂಗೀತಜ್ಞ ಅಲೆನ್ ಟೂಸಾಂಟ್ ಅವರ ನಿರ್ದೇಶನದಲ್ಲಿ. ‘ಮೀಟರ್ಸ್’ ತಂಡದ ಆರ್ಟ್ ನೆವಿಲ್, ಜಾರ್ಜ್ ಪೋರ್ಟರ್, ಲಿಯೊ ನೊಸೆಂಟೆಲಿ ವಾದ್ಯಗಳಿಗೆ ನೆರವಾದರು. ಆ ಊರಿನ ಲಯಕ್ಕೆ ಒಂದು ವಿಶಿಷ್ಟ ಬಾಗು ಬಳುಕು ಇದೆ. ನಡೆ ಬಿಗಿಯಾಗಿದ್ದರೂ ಪೆಟ್ಟುಗಳ ನಡುವೆ ತೆರಪಿರುತ್ತದೆ. ಆ ತೆರಪಿನಲ್ಲಿಯೇ ಮೂರು ಕಂಠಗಳು ಒಂದನ್ನೊಂದು ಹಾಯ್ದು ಬರುತ್ತವೆ.

‘ಲೇಡಿ ಮಾರ್ಮಲೇಡ್’ ಬಾಬ್ ಕ್ರೂ ಮತ್ತು ಕೆನಿ ನೋಲನ್ ಅವರ ಕೃತಿ. ನ್ಯೂ ಆರ್ಲಿಯನ್ಸಿನ ವಾರಾಂಗನೆಯೊಬ್ಬಳನ್ನು ಸಂಧಿಸಿದ ಗಂಡಸು ತನ್ನ ನಿತ್ಯದ ನೌಕರಿಗೆ ಮರಳಿದ ಮೇಲೂ ಅವಳನ್ನು ಮರೆಯಲಾರದೆ ಹೋಗುವುದು ಅದರ ಕಥೆ. ಹೆಣ್ಣು ಇಲ್ಲಿ ನೋಟಕ್ಕೆ ವಸ್ತು, ನೆನೆಯುವವನು ಗಂಡು. ಮೂವರು ಸ್ತ್ರೀಯರು ಅಷ್ಟೊಂದು ಉಲ್ಲಾಸದಿಂದ ಹಾಡುವಾಗ ಗೆಲುವು ಅವಳದೇ ಎನಿಸುವುದು ದಿಟ. ಆದರೆ ಆ ಗೆಲುವು ಗಾಯನದ್ದು, ರಚನೆಯದಲ್ಲ.

ಮುದ್ರಿಕೆಯ ಕೊನೆಯ ಹಾಡಾದ, ಹೆಂಡ್ರಿಕ್ಸ್ ಅವರ ‘ಯೂ ಟರ್ನ್ ಮಿ ಆನ್’ ಅನ್ನು ಇದರೊಡನೆ ಇಟ್ಟು ನೋಡಬೇಕು. ವಿಳಂಬಗತಿಯ ಈ ಶೃಂಗಾರಗೀತದಲ್ಲಿ ಬಯಕೆಯನ್ನು ನುಡಿಯುವವಳು ಹೆಣ್ಣೇ. ಮೊದಲ ಹಾಡಿನಲ್ಲಿ ಕಂಡವಳು ಕೊನೆಯ ಹಾಡಿನಲ್ಲಿ ಮಾತನಾಡುತ್ತಾಳೆ. ಈ ದೂರವನ್ನು ಕ್ರಮಿಸಿರುವುದೇ ಮುದ್ರಿಕೆಯ ಒಳಗಿನ ನಡೆ. ಮೊದಲನೆಯದೊಂದನ್ನೇ ಕೇಳಿ ಎದ್ದವರಿಗೆ ಅದು ದಕ್ಕುವುದಿಲ್ಲ.

ನಡುವಿನ ಹೆಂಡ್ರಿಕ್ಸ್ ಗೀತಗಳಲ್ಲಿ ಎರಡನ್ನು ವಿಶೇಷವಾಗಿ ಹೆಸರಿಸಬೇಕು. ‘ಆರ್ ಯೂ ಲೋನ್ಲಿ?’ ನಗರವಾಸಿಯ ಒಂಟಿತನವನ್ನು ಕುರಿತ ಪ್ರಶ್ನೆ. ಊರು ಬಿಟ್ಟು ಮಹಾನಗರ ಸೇರಿದ ಯಾರಿಗೂ ಈ ಪ್ರಶ್ನೆ ಪರಕೀಯವಲ್ಲ. ಕುಣಿತದ ಲಯದ ಮೇಲೆ ಅದನ್ನು ಕೇಳಿರುವುದರಿಂದಲೇ ವಿಷಾದ ಅಳುಮೋರೆಯಾಗದೆ ಉಳಿದಿದೆ. ‘ನೈಟ್‌ಬರ್ಡ್’ ಮೆಲ್ಲನೆ ಆರಂಭವಾಗಿ ಮೇಲೇರುವ ಹಾಡು. ಇಲ್ಲೊಂದು ಸೂಕ್ಷ್ಮವಿದೆ: ಹಾಡಿನ ಹೆಸರು ಏಕವಚನ, ಮುದ್ರಿಕೆಯ ಹೆಸರು ಬಹುವಚನ. ಒಂಟಿ ಹಕ್ಕಿಯನ್ನು ಮೂರು ಕಂಠಗಳು ಹಾಡಿದಾಗ ಅದು ಒಂಟಿಯಾಗಿ ಉಳಿಯುವುದಿಲ್ಲ. ಧ್ವನಿಯೆಂಬ ಶಬ್ದದ ಎರಡು ಅರ್ಥಗಳೂ, ಕಂಠ ಮತ್ತು ಸೂಚ್ಯಾರ್ಥ, ಇಲ್ಲಿ ಒಂದಾಗಿವೆ.

ಕೃತಿ ನಿರ್ದುಷ್ಟವೆಂದಲ್ಲ. ‘ಇಟ್ ಟುಕ್ ಎ ಲಾಂಗ್ ಟೈಮ್’ ಹಳೆಯ ಪ್ರಣಯಗೀತಗಳ ಜಾಡಿನಲ್ಲಿಯೇ ಸಾಗುತ್ತದೆ. ಟೂಸಾಂಟ್ ಬರೆದ ‘ಆಲ್ ಗರ್ಲ್ ಬ್ಯಾಂಡ್’ ಹೆಣ್ಣುಮಕ್ಕಳ ವಾದ್ಯತಂಡವನ್ನು ಕುರಿತದ್ದು. ಆದರೆ ಅದನ್ನು ಬರೆದವರು ಪುರುಷರು, ಮುದ್ರಿಕೆಯ ವಾದ್ಯಗಳ ಹೊಣೆಯೂ ಮುಖ್ಯವಾಗಿ ಪುರುಷರದೇ. ಈ ಔಚಿತ್ಯಭಂಗವನ್ನು ಕಂಠಮಾಧುರ್ಯ ಮರೆಸಬಹುದು, ಇಲ್ಲವಾಗಿಸಲಾರದು. ಮೇಳ ಗೆದ್ದುಕೊಂಡ ಸ್ವಾತಂತ್ರ್ಯದ ಎಲ್ಲೆ ಎಲ್ಲಿಯದೆಂಬುದನ್ನು ಈ ಹಾಡು ತಾನರಿಯದೆಯೇ ತೋರಿಸುತ್ತದೆ.

1974ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸಿನಲ್ಲಿ ಲಬೆಲ್ ಮೇಳ ಹಾಡಿತು. ಬಂದವರು ಬೆಳ್ಳಿಯ ಬಣ್ಣದ್ದೇನನ್ನಾದರೂ ಧರಿಸಬೇಕೆಂದು ಕೋರಲಾಗಿತ್ತು. ಆ ವೇಷಭೂಷಣಗಳ ಬೆರಗು ಇತಿಹಾಸದಲ್ಲಿ ಉಳಿಯಿತು, ಒಂದು ಹಾಡು ಉಳಿಯಿತು. 1976ರಲ್ಲಿ ‘ಕಮೀಲಿಯನ್’ ಹೊರಬಂದ ತರುವಾಯ ಮೂವರೂ ಬೇರೆಯಾದರು. 2008ರಲ್ಲಿ ಮತ್ತೊಮ್ಮೆ ಕೂಡಿ ಒಂದು ಮುದ್ರಿಕೆಯನ್ನು ಹೊರತಂದರು. ಸಾರಾ ಡ್ಯಾಶ್ 2021ರಲ್ಲಿ ನಿಧನ ಹೊಂದಿದರು. ಜನಪ್ರಿಯತೆ ಕೃತಿಗೆ ಬಾಗಿಲಾಗಬೇಕು, ಗೋಡೆಯಾಗಬಾರದು. ‘ನೈಟ್‌ಬರ್ಡ್ಸ್’ನ ವಿಷಯದಲ್ಲಿ ಬಾಗಿಲು ಐವತ್ತು ವರ್ಷಗಳಿಂದ ತೆರೆದೇ ಇದೆ, ಒಳಹೊಕ್ಕು ಹತ್ತನೆಯ ಹಾಡಿನವರೆಗೆ ಕುಳಿತು ಕೇಳುವ ಸಹೃದಯರು ಬೇಕಾಗಿದ್ದಾರೆ.