ಸ್ವರದ ಕೆಳಗೊಂದು ಗೆರೆ

ವಿಷ್ಣು ನಾರಾಯಣ ಭಾತಖಂಡೆ (1860–1936) ಓದಿದ್ದು ವಕೀಲಿ, ತಲೆಗೆ ಹಚ್ಚಿಕೊಂಡಿದ್ದು ಸಂಗೀತ. ಊರೂರು ಅಲೆದು, ಉಸ್ತಾದರು ಮನೆತನದ ಆಸ್ತಿಯಂತೆ ಕಾಪಾಡಿಕೊಂಡಿದ್ದ ಚೀಜುಗಳನ್ನು, ಅಂದರೆ ಹಾಡಿನ ರಚನೆಗಳನ್ನು, ಕಾಡಿ ಬೇಡಿ ಬರೆದುಕೊಂಡರು. ಅವನ್ನು ಅಚ್ಚಿಗಿಳಿಸಿದ ಅವರ ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳ ಹಿಂದೆ ಈ ಅಲೆದಾಟವಿದೆ. ಅವರ ಸ್ವರಲಿಪಿಯ ಚೆಲುವಿರುವುದು ಅದರ ಜಿಪುಣತನದಲ್ಲಿ: ಕೋಮಲಕ್ಕೆ ಕೆಳಗೊಂದು ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ನೆತ್ತಿಯ ಮೇಲೊಂದು ನೆಟ್ಟಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಕಮಾನು. ಅಚ್ಚಿನ ಮೊಳೆ ಜೋಡಿಸುವವನಿಗೂ ತಲೆನೋವಿಲ್ಲ! ಕರ್ನಾಟಕ ಸಂಗೀತದ ಶಾಸ್ತ್ರಕಾರ ವೆಂಕಟಮಖಿಯ 72 ಮೇಳಗಳಿಂದ ಪ್ರೇರಣೆ ಪಡೆದು ರಾಗಗಳನ್ನು ಹತ್ತು ಥಾಟುಗಳಿಗೆ ಹಂಚಿದ್ದು ಮಾತ್ರ ನನಗೆ ತುಸು ಬಿಗಿಯೆನಿಸುತ್ತದೆ. ಎರಡೂ ಮಧ್ಯಮಗಳ ಲಲಿತ್ ರಾಗ ಅಲ್ಲಿ ಇಕ್ಕಟ್ಟಿನಲ್ಲೇ ಕೂರುತ್ತದೆ. ಇರಲಿ. 1926ರಲ್ಲಿ ಲಖನೌದಲ್ಲಿ ಶುರುವಾದ ಅವರ ಮ್ಯಾರಿಸ್ ಸಂಗೀತ ಕಾಲೇಜಿನಲ್ಲಿ ಘರಾಣೆಯ ನಂಟಿಲ್ಲದವರೂ ತಂಬೂರಿ ಹಿಡಿದು ಕೂತರು.