ಬುಸ್ಕೆಟ್ಸ್ ನಿಂತ ಜಾಗ

ಸೆರ್ಜಿಯೊ ಬುಸ್ಕೆಟ್ಸ್‌ನ ಕಾಲು ಸೋತಿದೆ, ಬೆಂಚಿನಲ್ಲಿ ಕೂರಿಸಿ ಎಂದು ಬಾರ್ಸಿಲೋನಾ ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದರು. ಕಾಲಿನ ಮಾತು ಸುಳ್ಳಲ್ಲ. ಆದರೆ ಅವನು ಓಡಿ ಗೆದ್ದದ್ದು ಯಾವಾಗ? ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿರುತ್ತಿದ್ದ. ಪಾಸ್ ಕೊಡುವವನಂತೆ ಕಾಲೆತ್ತಿ, ಕೊಡದೆ, ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆಯುತ್ತಿದ್ದ. ನುಗ್ಗಿ ಬಂದವನು ಅಷ್ಟರಲ್ಲಿ ದಾಟಿ ಹೋಗಿರುತ್ತಿದ್ದ. (ಗೋಲು ಎಣಿಸಿ ಅವನನ್ನು ಅಳೆಯುವವರ ಜೊತೆ ನನಗೆ ವಾದವೇ ಬೇಡ.)

ಡಿಫೆಂಡರುಗಳ ಮುಂದಿನ ಜಾಗವೇ ಅವನದು. ತಂಡ ಚದುರಿದಾಗ ಮಾತ್ರ ಅಲ್ಲಿ ಒಂಟಿಯಾಗುತ್ತಿದ್ದ. 2022–23ರಲ್ಲಿ ಕೋಚ್ ಶಾವಿ ಅವನ ಪಕ್ಕಕ್ಕೆ ಫ್ರೆಂಕಿ ಡಿ ಯಾಂಗ್‌ನನ್ನು ನಿಲ್ಲಿಸಿದರು. ಓಟ ಡಿ ಯಾಂಗ್‌ನದು, ಲೆಕ್ಕಾಚಾರ ಬುಸ್ಕೆಟ್ಸ್‌ನದು. 34ರ ವಯಸ್ಸಿನಲ್ಲಿ ಲಾ ಲಿಗಾ ಗೆದ್ದು ಮಯಾಮಿಗೆ ಹೊರಟ. ಆ ಜಾಗಕ್ಕೆ ಜಿರೋನಾದಿಂದ ಕರೆತಂದ ಒರಿಯೊಲ್ ರೊಮೆಯು ಮರುವರ್ಷವೇ ಜಿರೋನಾಗೆ ವಾಪಸ್.